36 ಲಕ್ಷಕ್ಕೆ ಸೆಕೆಂಡ್ ಹ್ಯಾಂಡ್ ಪೋರ್ಷೆ ಕೇಮನ್: ತಗೊಳ್ಳಲಾ, ಬಿಡಲಾ?

ಬಸವನಗುಡಿ_ಚಾಲಕ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ಹೈದರಾಬಾದಿನಲ್ಲಿ ಒಂದು ಪೋರ್ಷೆ ಕೇಮನ್ ಮಾರಾಟಕ್ಕಿದೆ. 987 ಮಾದರಿ, 2.9 ಲೀಟರ್ ಎಂಜಿನ್, ಪಿಡಿಕೆ ಅನ್ನುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್. 2011ರ ಆಗಸ್ಟ್‌ನಲ್ಲಿ ನೋಂದಣಿ ಆಗಿದೆ. ಓಡಿರುವುದು 19,000 ಕಿ.ಮೀ. ಮಾತ್ರ. ಮೂವರು ಓನರ್ ಆಗಿದ್ದಾರೆ, ನಾನು ನಾಲ್ಕನೆಯವನು. ಕೇಳುತ್ತಿರುವುದು 36 ಲಕ್ಷ.

ದಿನಾ ಆಫೀಸಿಗೆ ಹೋಗಲು ಬೇರೆ ಚಿಕ್ಕ ಕಾರಿದೆ. ಇದು ಭಾನುವಾರ ಬೆಳಿಗ್ಗೆಗೆ, ವರ್ಷಕ್ಕೆ ಎರಡು ಸಲ ಊರ ಕಡೆಗೆ. ಕಾಲೇಜಿನಲ್ಲಿದ್ದಾಗಿಂದ ಇದ್ದ ಆಸೆ. ಹನ್ನೆರಡು ವರ್ಷ ಕೂಡಿಟ್ಟ ದುಡ್ಡು. ಮನೆಯವಳು ಒಪ್ಪಿದ್ದಾಳೆ. "ಸಾಲ ಮಾಡಬೇಡಿ, ಅಷ್ಟೇ" ಅಂದಳು.

ಭಯ ಇರುವುದು ಮೂರಕ್ಕೆ. ಒಂದು, ಐಎಂಎಸ್ (ಎಂಜಿನ್ ಒಳಗಿನ ಇಂಟರ್‌ಮೀಡಿಯೆಟ್ ಶಾಫ್ಟ್) ಬೇರಿಂಗ್ ಹೋದರೆ ಎಂಜಿನ್ನೇ ಹೋಗುತ್ತೆ ಅಂತಾರೆ, ನಿಜವಾ? ಎರಡು, ವರ್ಷಕ್ಕೆ ನಿಜವಾಗಿ ಎಷ್ಟು ಖರ್ಚು? ಮೂರು, ಬೆಂಗಳೂರಿನ ಹಂಪ್‌ಗಳು. ಇಷ್ಟು ಕಡಿಮೆ ಓಡಿರುವುದು ಒಳ್ಳೇದೇ ಅಲ್ವಾ?

ಲೆಕ್ಕಾಚಾರಿ
ಬೇಡ ಸರ್. ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಕಾರಿನ ಬೆಲೆ ಇಳಿದಿದೆ, ಬಿಡಿಭಾಗದ ಬೆಲೆ ಇಳಿದಿಲ್ಲ. ಹೊಸ ಕಾರು ಕೊಂಡವನು ಹೆಡ್‌ಲೈಟಿಗೆ ಎಷ್ಟು ಕೊಡುತ್ತಿದ್ದನೋ ನೀವೂ ಅಷ್ಟೇ ಕೊಡಬೇಕು, ಜಾಸ್ತಿಯೇ ಕೊಡಬೇಕು. 36 ಲಕ್ಷ ಇದೆ ಅಂದರೆ 29 ಲಕ್ಷದ ಕಾರು ನೋಡಿ. ಉಳಿದ 7 ಲಕ್ಷ ಬೇರೆ ಖಾತೆಯಲ್ಲಿಡಿ, ಮರೆತುಬಿಡಿ. ಮೊದಲ ವರ್ಷದಲ್ಲೇ ಅದರ ನೆನಪಾಗುತ್ತದೆ.

ಗಾಳಿವೇಗ_ಹಾಸನ
ಪೋರ್ಷೆ ಎಲ್ಲದರಲ್ಲೂ ಐಎಂಎಸ್ ಸಮಸ್ಯೆ ಇದೆ. ದೂರ ಇರಿ.

ಎಡಿಸನ್_ಕನ್ನಡಿಗ
@ಗಾಳಿವೇಗ_ಹಾಸನ ಎಲ್ಲದರಲ್ಲೂ ಇಲ್ಲ. ಈ ಮಾತು ಬಾಯಿಂದ ಬಾಯಿಗೆ ಹೋಗಿ ಒಳ್ಳೆ ಕಾರುಗಳಿಗೂ ಕೆಟ್ಟ ಹೆಸರು ಬಂದಿದೆ. ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಒಂಬತ್ತು ವರ್ಷದಿಂದ 996 ಮಾದರಿಯ ಪೋರ್ಷೆ 911 ಇದೆ. ಅದೇ ನಿಜವಾಗಿ ಐಎಂಎಸ್ ಇರುವ ಕಾರು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಂಜಿನ್ನಿನ ನಡುವೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್, ಎರಡೂ ಪಕ್ಕದಲ್ಲಿ ವಾಲ್ವ್ ತೆರೆಯುವ ಕ್ಯಾಮ್. ಕ್ರ್ಯಾಂಕಿನ ತಿರುಗು ಕ್ಯಾಮಿಗೆ ಹೋಗಲು ನಡುವೆ ಒಂದು ಶಾಫ್ಟ್ ಇದೆ. ಆ ಶಾಫ್ಟಿನ ಒಂದು ತುದಿಯನ್ನು ಹಿಡಿದಿರುವುದೇ ಈ ಬೇರಿಂಗ್. ಒಳಗೆ ಗ್ರೀಸ್ ತುಂಬಿ ಸೀಲ್ ಮಾಡಿರುತ್ತಾರೆ. ವರ್ಷ ಕಳೆದಂತೆ ಸೀಲ್ ಸೋತು ಗ್ರೀಸ್ ತೊಳೆದುಹೋಗುತ್ತದೆ. ಬೇರಿಂಗ್ ಒಡೆದರೆ ಟೈಮಿಂಗ್ ತಪ್ಪುತ್ತದೆ, ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಅಲ್ಲಿಗೆ ಎಂಜಿನ್ ಕಥೆ ಮುಗಿದಂತೆ.

ಇದು 1997ರಿಂದ 2008ರವರೆಗಿನ ಬಾಕ್ಸ್‌ಸ್ಟರ್, ಕೇಮನ್, ಸಾಮಾನ್ಯ 911 ಎಂಜಿನ್‌ಗಳ ಮಾತು. ಅದರಲ್ಲೂ ಹೆಚ್ಚು ತೊಂದರೆ 2001ರಿಂದ 2005ರ ನಡುವಿನ ಒಂಟಿ ಸಾಲಿನ ಬೇರಿಂಗಿಗೆ. ಇಲ್ಲಿ ಅಮೆರಿಕದಲ್ಲಿ ಅವುಗಳ ಮೇಲೆ ಮೊಕದ್ದಮೆ ನಡೆದು ರಾಜಿಯೂ ಆಯಿತು. 2006ರಿಂದ 2008ರದ್ದು ದೊಡ್ಡ ಬೇರಿಂಗ್, ಅದು ಹೋಗುವುದು ತೀರಾ ಕಡಿಮೆ. ಆದರೆ ಎಂಜಿನ್ ಇಬ್ಭಾಗ ಮಾಡದೆ ಅದನ್ನು ಹೊರಗೆ ತೆಗೆಯಲು ಆಗುವುದಿಲ್ಲ. ಅದೇ ಕಾಲದ 911 ಟರ್ಬೊ, ಜಿಟಿ3 ಎಂಜಿನ್‌ಗಳಲ್ಲಿ ಈ ಬೇರಿಂಗೇ ಇಲ್ಲ.

2009ರ ಮಾದರಿಯಿಂದ ಹೊಸ ಎಂಜಿನ್ ಬಂತು. ಅದರಲ್ಲಿ ಆ ಶಾಫ್ಟೇ ಇಲ್ಲ. ನೀವು ನೋಡುತ್ತಿರುವ 2.9 ಇದೇ ಹೊಸ ಪೀಳಿಗೆಯದು. ಮೊದಲನೇ ಭಯ ಬಿಟ್ಟುಬಿಡಿ.

ಗಾಳಿವೇಗ_ಹಾಸನ
ಸರಿ, ನನಗೆ ಗೊತ್ತಿರಲಿಲ್ಲ. ತಿದ್ದಿದ್ದಕ್ಕೆ ಥ್ಯಾಂಕ್ಸ್.

ತುಂಗಾತೀರ
ನನ್ನ ಬಳಿ 987 ಬಾಕ್ಸ್‌ಸ್ಟರ್ ಇದೆ, ಆರು ವರ್ಷ ಆಯಿತು. ಕೇಮನ್‌ಗೆ ಅಕ್ಕ ಇದ್ದ ಹಾಗೆ, ಒಳಗೆಲ್ಲ ಒಂದೇ. ಬಸವನಗುಡಿಯವರೇ, ನಿಮ್ಮ ಪೋಸ್ಟ್‌ನಲ್ಲಿ ನನಗೆ ಭಯ ಆಗಿದ್ದು ಐಎಂಎಸ್ ನೋಡಿ ಅಲ್ಲ, 19,000 ಕಿ.ಮೀ. ನೋಡಿ.

ಹದಿನೈದು ವರ್ಷಕ್ಕೆ 19,000 ಅಂದರೆ ತಿಂಗಳಿಗೆ ನೂರು ಕಿಲೋಮೀಟರ್ ಚಿಲ್ಲರೆ. ಇದು ಓಡಿದ ಕಾರಲ್ಲ, ನಿಂತ ಕಾರು. ನಿಂತ ಕಾರಿನ ರಬ್ಬರ್ ಸೀಲುಗಳು ಒಣಗುತ್ತವೆ, ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಹಳಸುತ್ತದೆ. ಟೈರ್‌ಗಳು ನೋಡಲು ಹೊಸದಾಗಿರುತ್ತವೆ, ಒಳಗೆ ಕಲ್ಲಾಗಿರುತ್ತವೆ. ನನ್ನದು ಕೊಳ್ಳುವಾಗ 48,000 ಓಡಿತ್ತು. ಎಲ್ಲರೂ ಜಾಸ್ತಿ ಅಂದರು. ಆದರೆ ಪ್ರತಿ ವರ್ಷದ ಬಿಲ್ ಇತ್ತು, ಒಂದೂ ತಪ್ಪಿರಲಿಲ್ಲ. ಇವತ್ತು 83,000 ಆಗಿದೆ, ಒಂದು ದಿನವೂ ದಾರಿಯಲ್ಲಿ ಕೈ ಕೊಟ್ಟಿಲ್ಲ.

ಲೆಕ್ಕಾಚಾರಿ
ಮೇಡಂ, ಇದನ್ನು ಒಪ್ಪಲ್ಲ. ನೀವು ಮುಂದೆ ಮಾರುವಾಗ 83,000 ನೋಡಿ ಜನ ಓಡಿಹೋಗುತ್ತಾರೆ. ಮಾರುಕಟ್ಟೆಯಲ್ಲಿ ಓಡೋಮೀಟರ್‌ಗೇ ಬೆಲೆ.

ತುಂಗಾತೀರ
ನಾನು ಮಾರಲು ಕೊಂಡಿಲ್ಲ, ಓಡಿಸಲು ಕೊಂಡಿದ್ದು.

ಧಾರವಾಡ_ಫೇಡಾ
ಅಕ್ಕಾರು ಸರಿಯಾಗಿ ಹೇಳಿದ್ರಿ 👏

ಪಾನಾ_ಪೆಟ್ಟಿಗೆ
ನಾನು ಮೆಕ್ಯಾನಿಕ್. ಇಪ್ಪತ್ತೆರಡು ವರ್ಷದಿಂದ ಜರ್ಮನ್ ಗಾಡಿಗಳ ಕೆಲಸ, ಈಗ ವಿಲ್ಸನ್ ಗಾರ್ಡನ್ ಹತ್ತಿರ ಸ್ವಂತ ಶೆಡ್. ಹೆಸರು ಹಾಕಲ್ಲ, ಗಿರಾಕಿ ಹುಡುಕಲು ಬಂದಿಲ್ಲ.

ಕಡಿಮೆ ಓಡಿದ್ದು ಕೆಟ್ಟದ್ದು ಅಂತಲ್ಲ, ಜಾಸ್ತಿ ಓಡಿದ್ದು ಒಳ್ಳೇದು ಅಂತಲೂ ಅಲ್ಲ. ಕಿಲೋಮೀಟರ್ ಬಿಡಿ, ತಾರೀಕು ನೋಡಿ. ವರ್ಷಕ್ಕೊಮ್ಮೆ ಆಯಿಲ್ ಬದಲಾಗಿದೆಯಾ? ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್? "ಓಡೇ ಇಲ್ಲ, ಯಾಕೆ ಬದಲಿಸಬೇಕು" ಅಂತ ಬಿಟ್ಟವರ ಗಾಡಿಗಳೇ ನನ್ನ ಶೆಡ್ಡಿಗೆ ಟೋ ಆಗಿ ಬರುವುದು.

ಹೈದರಾಬಾದಿಗೆ ಹೋದಾಗ ಹೀಗೆ ಮಾಡಿ. ಹಿಂದಿನ ದಿನವೇ ಫೋನ್ ಮಾಡಿ, "ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ" ಅನ್ನಿ. ಎಂಜಿನ್ ತಣ್ಣಗಿರಬೇಕು. ಸ್ಟಾರ್ಟ್ ಮಾಡಿದಾಗ ನೀವು ಹಿಂದೆ ನಿಂತಿರಿ. ಸ್ವಲ್ಪ ಹೊಗೆ ಬಂದು ನಿಂತರೆ ಪರವಾಗಿಲ್ಲ, ಸಿಲಿಂಡರ್‌ಗಳು ಅಡ್ಡ ಮಲಗಿರುವುದರಿಂದ ಅದು ಸಹಜ. ಬಿಳಿ ಹೊಗೆ ಮೋಡದ ಹಾಗೆ ಬಂದು ನಿಲ್ಲದಿದ್ದರೆ ಏರ್ ಆಯಿಲ್ ಸೆಪರೇಟರ್ (ಎಂಜಿನ್ ಒಳಗಿನ ಗಾಳಿಯಿಂದ ಆಯಿಲ್ ಬೇರ್ಪಡಿಸುವ ಭಾಗ) ಹೋಗಿರಬಹುದು. ಹಿಂದಿನ ಡಿಕ್ಕಿ ತೆಗೆದರೆ ಎರಡು ಮುಚ್ಚಳ ಕಾಣುತ್ತವೆ, ಒಂದು ಆಯಿಲ್‌ಗೆ, ಒಂದು ಕೂಲೆಂಟ್‌ಗೆ. ಆಯಿಲ್ ಮುಚ್ಚಳ ತಿರುವಿ ಕೆಳಭಾಗ ನೋಡಿ. ಕೆನೆ ಬಣ್ಣದ ಲೋಳೆ ಕಂಡರೆ ಯಾಕೆ ಅಂತ ತಿಳಿಯದೆ ಅಡ್ವಾನ್ಸ್ ಕೊಡಬೇಡಿ. ಕೂಲೆಂಟ್ ಟ್ಯಾಂಕಿನ ಸುತ್ತ ಗುಲಾಬಿ ಬಣ್ಣದ ಪುಡಿ ಒಣಗಿದೆಯಾ ನೋಡಿ. ಇದ್ದರೆ ಟ್ಯಾಂಕ್ ಸೀಳಿದೆ.

ಇನ್ನು ಮುಖ್ಯವಾದದ್ದು. "ಹೊಸ ಆಯಿಲ್, ಫಿಲ್ಟರ್ ನನ್ನ ದುಡ್ಡಿನಲ್ಲೇ ಹಾಕಿಸುತ್ತೇನೆ" ಅಂತ ಓನರ್‌ಗೆ ಹೇಳಿ. ಹಳೇ ಫಿಲ್ಟರ್ ತೆಗೆಸಿ, ಕಾಗದದ ಮಡಿಕೆಗಳನ್ನು ಕತ್ತರಿಸಿ, ಬಿಸಿಲಿಗೆ ಹಿಡಿದು ಒಂದೊಂದೇ ಮಡಿಕೆ ಬಿಡಿಸಿ. ಬರೀ ಕಪ್ಪು ಆಯಿಲ್ ಇದ್ದರೆ ಸರಿ. ಬೆಳ್ಳಿ ಪುಡಿಯ ಹಾಗೆ ಮಿನುಗಿದರೆ ಗಾಡಿ ಅಲ್ಲೇ ಬಿಟ್ಟು ರೈಲು ಹತ್ತಿ ಬನ್ನಿ.

ಬಸವನಗುಡಿ_ಚಾಲಕ
ಸರ್, ಇದನ್ನು ಪ್ರಿಂಟ್ ತೆಗೆದು ಇಟ್ಟುಕೊಂಡೆ. ಫಿಲ್ಟರ್ ಬಿಚ್ಚಲು ಓನರ್ ಒಪ್ಪುತ್ತಾರಾ?

ಪಾನಾ_ಪೆಟ್ಟಿಗೆ
ಒಪ್ಪದಿದ್ದರೆ ಅದೇ ಉತ್ತರ.

ತುಂಗಾತೀರ
ಪ್ರವಾಹದ ನೀರು ಕುಡಿದಿದೆಯಾ ಅಂತಲೂ ನೋಡಿ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ಎಷ್ಟು ನೀರು ಬಂದಿತ್ತು ಅಂತ ಗೊತ್ತಲ್ವಾ. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಯಮಲೂರು, ಬೆಳ್ಳಂದೂರು ಕಡೆ ಕೋಟಿ ಬೆಲೆಯ ಕಾರುಗಳು ಬಾನೆಟ್‌ವರೆಗೆ ಮುಳುಗಿದ್ದವು. ಅಂಥ ಕಾರುಗಳು ಎಲ್ಲಾದರೂ ಒಂದು ಕಡೆ ಮಾರಾಟಕ್ಕೆ ಬಂದೇ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಪಾಲಿಶ್ ಮಾಡುವವರು ಅಲ್ಲಿಯವರೆಗೆ ಹೋಗುವುದಿಲ್ಲ. ಮಣ್ಣಿನ ಗೆರೆ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಕಾರ್ಪೆಟ್ ಎತ್ತಿ ಮೂಸಿ ನೋಡಿ.

ಲೆಕ್ಕಾಚಾರಿ
ಇದು ಒಳ್ಳೆ ಸಲಹೆ. ಜೊತೆಗೆ ಇನ್ಶೂರೆನ್ಸ್ ಕ್ಲೇಮಿನ ಇತಿಹಾಸವನ್ನೂ ಕೇಳಿ.

ಆರ್‌ಟಿಒ_ಅನುಭವಿ
ಇಷ್ಟು ಹೊತ್ತಾದರೂ ಕಾಗದದ ವಿಷಯ ಯಾರೂ ಎತ್ತಿಲ್ಲ, ಆಶ್ಚರ್ಯ. 2011ರ ಆಗಸ್ಟ್ ಅಂದರೆ ಈ ಆಗಸ್ಟಿಗೆ ಗಾಡಿಗೆ 15 ವರ್ಷ. ಆರ್‌ಸಿ ಅವಧಿ ಮುಗಿಯುತ್ತದೆ. ಫಿಟ್‌ನೆಸ್ ಮಾಡಿಸಿ ನೋಂದಣಿ ನವೀಕರಿಸಬೇಕು. ಆಮದಾದ ಕಾರಿಗೆ ನವೀಕರಣ ಶುಲ್ಕವೇ 40,000 ರೂಪಾಯಿ, 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 20 ವರ್ಷ ದಾಟಿದರೆ 2025ರಲ್ಲಿ ಬಂದ ಆದೇಶದ ಪ್ರಕಾರ 80,000. ಅದರ ಮೇಲೆ ಹಸಿರು ತೆರಿಗೆ ಬೇರೆ.

ತೆಲಂಗಾಣದಿಂದ ಎನ್‌ಒಸಿ ತರಬೇಕು, ಅದು ಫಾರಂ 28. ಮಾಲೀಕತ್ವ ಬದಲಾವಣೆಗೆ ಫಾರಂ 29 ಮತ್ತು 30. ಆಮೇಲೆ ಕರ್ನಾಟಕದ ತೆರಿಗೆ. ಇಲ್ಲಿ 20 ಲಕ್ಷ ದಾಟಿದ ಹೊಸ ಪೆಟ್ರೋಲ್ ಕಾರಿಗೆ 18%, ಅದರ ಮೇಲೆ ಸೆಸ್. ಹಳೇ ಕಾರಿಗೆ ವಯಸ್ಸಿನ ಲೆಕ್ಕದಲ್ಲಿ ಇಳಿಯುತ್ತದೆ. ಆದರೆ ಲೆಕ್ಕ ಹಾಕುವುದು ಕಾರಿನ ಮೂಲ ಬೆಲೆಯ ಮೇಲೆ, ನೀವು ಕೊಟ್ಟ 36 ಲಕ್ಷದ ಮೇಲಲ್ಲ. ಅಡ್ವಾನ್ಸ್ ಕೊಡುವ ಮೊದಲು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಆರ್‌ಸಿ ಪ್ರತಿ ತೋರಿಸಿ, ಎಷ್ಟಾಗುತ್ತದೆ ಅಂತ ಬರೆಸಿಕೊಳ್ಳಿ.

ಹೊಸಬ_23
ಸುಮ್ನೆ ಹೈದರಾಬಾದ್ ನಂಬರ್‌ನಲ್ಲೇ ಓಡಿಸಿದರೆ ಆಗಲ್ವಾ? ಎಷ್ಟೋ ಜನ ಪುದುಚೇರಿ ನಂಬರ್ ಹಾಕಿಕೊಂಡೇ ಓಡಿಸುತ್ತಾರೆ.

ಆರ್‌ಟಿಒ_ಅನುಭವಿ
@ಹೊಸಬ_23 ಆ ಕಾಲ ಹೋಯಿತು ತಮ್ಮಾ. 12 ತಿಂಗಳಿಗಿಂತ ಜಾಸ್ತಿ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಆ ರಾಜ್ಯದ ನಂಬರ್ ತೆಗೆದುಕೊಳ್ಳಲೇಬೇಕು, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 47 ಹೇಳುವುದೇ ಇದನ್ನು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ಒಂದೇ ಕಾರ್ಯಾಚರಣೆಯಲ್ಲಿ 30 ದುಬಾರಿ ಕಾರು ಹಿಡಿಯಿತು. ಪೇಪರಿನಲ್ಲಿ ಫೋಟೊ ಬಂದಿತ್ತಲ್ಲ. ಕೆಂಪು, ಹಳದಿ ಬಣ್ಣದ ಕಾರು ರಸ್ತೆಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಅವರ ಕಣ್ಣಿಗೂ ಬೀಳುತ್ತದೆ. ತೆರಿಗೆ ಕಟ್ಟಿ ತಲೆ ಎತ್ತಿ ಓಡಿಸಿ.

ಕುಡ್ಲ_ದುಬೈ
ದುಬೈಯಲ್ಲಿ ಇದೇ ಕಾರು ನಿಮ್ಮ ಅರ್ಧ ಬೆಲೆಗೂ ಸಿಗುತ್ತದೆ ಮಾರಾಯ್ರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೊಸಬ_23
ಹಾಗಾದರೆ ಅಲ್ಲಿಂದಲೇ ತರಿಸಬಹುದಲ್ಲ!

ಕುಡ್ಲ_ದುಬೈ
ಆಗುವುದಿಲ್ಲ. ಇಲ್ಲಿ ಸ್ಟೀರಿಂಗ್ ಎಡಕ್ಕೆ. ಭಾರತಕ್ಕೆ ತರುವ ಹಳೇ ಕಾರು ಬಲ ಸ್ಟೀರಿಂಗ್‌ನದ್ದಾಗಿರಬೇಕು, ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಮುಂಬೈ ಬಂದರಿನಿಂದಲೇ ಬರಬೇಕು. ಅದರ ಮೇಲೆ ಸುಂಕ. ಯಾರಾದರೂ "ಕಾರ್ನೆ ಮೇಲೆ ತಂದ ಕಾರು, ಅಗ್ಗ" ಅಂತ ಹೇಳಿದರೆ ಆ ಕಡೆ ತಲೆ ಹಾಕಬೇಡಿ. ಕಾರ್ನೆ ಅಂದರೆ ಪ್ರವಾಸಕ್ಕೆ ತಂದು ವಾಪಸ್ ತೆಗೆದುಕೊಂಡು ಹೋಗುವ ಕಾಗದ. ಅದನ್ನು ಮಾರುವ ಹಾಗಿಲ್ಲ.

ನನ್ನ ಪಾರ್ಟ್‌ನರ್ ಹತ್ತಿರ ಫೆರಾರಿ 360 ಇದೆ. ಅದರ ಟೈಮಿಂಗ್ ಬೆಲ್ಟ್ ಮೂರು ವರ್ಷಕ್ಕೊಮ್ಮೆ ಬದಲಿಸುತ್ತಾನೆ, ಓಡಲಿ ಬಿಡಲಿ. ಅದಕ್ಕಿಂತ ಹಿಂದಿನ 355ಗಾದರೆ ಬೆಲ್ಟ್ ಬದಲಿಸಲು ಎಂಜಿನ್ನೇ ಕೆಳಗಿಳಿಸಬೇಕಿತ್ತು. 360ರಲ್ಲಿ ಸೀಟಿನ ಹಿಂದಿನ ಪ್ಯಾನೆಲ್ ತೆಗೆದು ಕೈ ಹಾಕಬಹುದು. ಆದರೂ ಬಿಲ್ ನೋಡಿದರೆ ನಿದ್ದೆ ಬರುವುದಿಲ್ಲ. ಅದಕ್ಕೆ ಹೋಲಿಸಿದರೆ ಕೇಮನ್‌ನಲ್ಲಿ ಚೈನು, ಬೆಲ್ಟಿನ ತಲೆನೋವಿಲ್ಲ. ಇಂಥ ಎಕ್ಸೋಟಿಕ್, ಅಂದರೆ ಅಪರೂಪದ ದುಬಾರಿ ಕಾರಿಗೆ ಹೊಸದಾಗಿ ಬರುವವರಿಗೆ ಪೋರ್ಷೆಯೇ ಸರಿ ಅಂತ ನನ್ನ ಅಭಿಪ್ರಾಯ.

ಧಾರವಾಡ_ಫೇಡಾ
ಕೇಮನ್‌ಗೆ ಎಕ್ಸೋಟಿಕ್ ಅನ್ನಬಹುದೇನ್ರಿ? ಅದು ಸ್ಪೋರ್ಟ್ಸ್ ಕಾರ್ ಅಷ್ಟ. ಎಕ್ಸೋಟಿಕ್ ಅಂದ್ರ ಫೆರಾರಿ, ಲ್ಯಾಂಬೊರ್ಗಿನಿ.

ಎಡಿಸನ್_ಕನ್ನಡಿಗ
ಎಂಜಿನ್ ಸೀಟಿನ ಹಿಂದೆ, ಎರಡೇ ಸೀಟು, 265 ಕುದುರೆ ಶಕ್ತಿ, 7,200 ಆರ್‌ಪಿಎಂನಲ್ಲಿ ಹಾಡುವ ಫ್ಲಾಟ್ ಸಿಕ್ಸ್ (ಅಡ್ಡ ಮಲಗಿದ ಆರು ಸಿಲಿಂಡರ್). ನನಗೆ ಅಷ್ಟು ಸಾಕು. ಹೆಸರು ಏನಾದರೂ ಇರಲಿ.

ಧಾರವಾಡ_ಫೇಡಾ
ಹುಬ್ಬಳ್ಳಿ ರಸ್ತೆದಾಗ ಒಂದು ಕಂಡ್ರ ಊರೆಲ್ಲಾ ಬಂದು ನಿಲ್ಲತೈತಿ, ಅದಂತೂ ಖರೆ.

ಲೆಕ್ಕಾಚಾರಿ
ಖರ್ಚಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಇರುವವರು ನಿಜವಾದ ಅಂಕಿ ಹೇಳಿ.

ತುಂಗಾತೀರ
ಹೇಳುತ್ತೇನೆ, ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಕಳೆದ ವರ್ಷ ಇನ್ಶೂರೆನ್ಸ್ 58,000. ಆಯಿಲ್, ಫಿಲ್ಟರ್, ಬ್ರೇಕ್ ಆಯಿಲ್ ಸೇರಿ 41,000. ಬೇರೆ ಕಾರಿಗೆ ನಾಲ್ಕು ಲೀಟರ್ ಆಯಿಲ್ ಆದರೆ ಇದಕ್ಕೆ ಹೆಚ್ಚು ಕಡಿಮೆ ಎರಡರಷ್ಟು ಬೇಕು. ಎರಡು ಇಗ್ನಿಷನ್ ಕಾಯಿಲ್ 17,000. ಅವು ಎಂಜಿನ್ನಿನ ಎರಡೂ ಪಕ್ಕದಲ್ಲಿ, ಸೈಲೆನ್ಸರ್ ಬಿಸಿ, ಮಳೆ ನೀರು ಎರಡೂ ತಾಗುವ ಜಾಗದಲ್ಲಿವೆ, ವಯಸ್ಸಾದ ಮೇಲೆ ಸೀಳುತ್ತವೆ. ಒಟ್ಟು 1,16,000. ಅದರ ಹಿಂದಿನ ವರ್ಷ ನಾಲ್ಕು ಟೈರ್ ಬದಲಿಸಿದ್ದರಿಂದ 2,70,000 ಆಗಿತ್ತು. ಆರು ವರ್ಷದ ಸರಾಸರಿ ತೆಗೆದರೆ ವರ್ಷಕ್ಕೆ 1,60,000 ಸುಮಾರು. ಪೆಟ್ರೋಲ್ ಸೇರಿಲ್ಲ.

ಲೆಕ್ಕಾಚಾರಿ
ನಾನು ಅಂದುಕೊಂಡದ್ದಕ್ಕಿಂತ ಕಡಿಮೆ. ಇದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಇದು ಚೆನ್ನಾಗಿ ನೋಡಿಕೊಂಡ ಕಾರಿನ ಲೆಕ್ಕ. ಬಿಟ್ಟ ಕಾರಿನ ಮೊದಲ ವರ್ಷದ ಲೆಕ್ಕ ಬೇರೆಯೇ ಇರುತ್ತದೆ.

ಗಾಳಿವೇಗ_ಹಾಸನ
ಕೆಲಸ ಎಲ್ಲಿ ಮಾಡಿಸಬೇಕು? ದೊಡ್ಡ ಶೋರೂಮಾ, ಹೊರಗಿನ ಗ್ಯಾರೇಜಾ? ಒಮ್ಮೆ ಒಂದು ಹೊರಗಿನ ಗ್ಯಾರೇಜಿನಲ್ಲಿ ನನ್ನ ಕಾರಿನ ಜಾಕ್ ತಪ್ಪು ಜಾಗಕ್ಕೆ ಕೊಟ್ಟು ಸಿಲ್ (ಬಾಗಿಲ ಕೆಳಗಿನ ಪಟ್ಟಿ) ಒಳಗೆ ಹೋಯಿತು. ಅಂದಿನಿಂದ ನಂಬಿಕೆ ಇಲ್ಲ.

ಪಾನಾ_ಪೆಟ್ಟಿಗೆ
ಬೇಜಾರಿನ ವಿಷಯ. ಆದರೆ ಬೋರ್ಡ್ ನೋಡಿ ನಿರ್ಧರಿಸಬೇಡಿ. ಹೋಗಿ ಶೆಡ್ಡಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಚಕ್ರದ ಬೋಲ್ಟ್ ಬಿಗಿಸುವಾಗ ಗಾಳಿ ಗನ್ನಿನಲ್ಲಿ ಬಡಿದು ಬಿಡುತ್ತಾರಾ, ಅಳತೆಗೆ ಸರಿಯಾಗಿ ಬಿಗಿಸುವ ಟಾರ್ಕ್ ರೆಂಚ್ ತೆಗೆಯುತ್ತಾರಾ? ಈ ಗಾಡಿಗೆ 130 ನ್ಯೂಟನ್ ಮೀಟರ್. ಎಂಜಿನ್ ಅಲ್ಯೂಮಿನಿಯಂ, ಜಾಸ್ತಿ ಬಿಗಿಸಿದರೆ ಥ್ರೆಡ್ ಕಿತ್ತು ಕೈಗೆ ಬರುತ್ತದೆ. ಬಿಚ್ಚಿದ ಬೋಲ್ಟುಗಳನ್ನು ಒಂದೇ ತಟ್ಟೆಗೆ ಸುರಿಯುತ್ತಾರಾ, ಗುರುತು ಹಾಕಿ ಬೇರೆ ಬೇರೆ ಇಡುತ್ತಾರಾ? ಹಳೇ ಪಾರ್ಟ್ ವಾಪಸ್ ಕೊಡುತ್ತಾರಾ? ಇಷ್ಟು ಸಾಕು.

ಕಾರಿಗಿಂತ ಮೊದಲು ಮೆಕ್ಯಾನಿಕ್ ಹುಡುಕಿ. ಉಲ್ಟಾ ಮಾಡಿದವರೇ ಜಾಸ್ತಿ.

ಎಡಿಸನ್_ಕನ್ನಡಿಗ
ಇಲ್ಲಿ ಕೂಲಿ ತಡೆಯಲಾಗದೆ ನಾವೇ ಕಲಿತೆವು. ಕ್ಲಚ್ ಬದಲಿಸುವಾಗ ಗೇರ್‌ಬಾಕ್ಸ್ ಇಳಿಸುತ್ತೇವಲ್ಲ, ಆಗಲೇ ಬೇರಿಂಗೂ ಬದಲಿಸಿದೆ. ಮೂರು ವಾರಾಂತ್ಯ ಹಿಡಿಯಿತು. ಡಿಸೆಂಬರ್ ಚಳಿಯಲ್ಲಿ ಗ್ಯಾರೇಜಿನ ನೆಲದ ಮೇಲೆ ಮಲಗಿ ಕೆಲಸ. ಮಗಳು ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತಿದ್ದಳು, ಈಗ ಅವಳಿಗೇ 13 ಎಂಎಂ ಯಾವುದು 15 ಎಂಎಂ ಯಾವುದು ಅಂತ ನೋಡಿದರೆ ಗೊತ್ತಾಗುತ್ತದೆ. ಪಾನಾ_ಪೆಟ್ಟಿಗೆಯವರಂಥ ಒಬ್ಬರು ಹತ್ತಿರದಲ್ಲಿರುವುದು ದೊಡ್ಡ ಭಾಗ್ಯ.

ಹೊಸಬ_23
ಪೆಟ್ರೋಲ್ ಯಾವುದು ಹಾಕಬೇಕು? ಈಗ ಎಲ್ಲಾ ಕಡೆ ಇ20, ಅಂದರೆ 20% ಎಥೆನಾಲ್ ಬೆರೆಸಿದ್ದು.

ತುಂಗಾತೀರ
ಈ ಎಂಜಿನ್‌ಗೆ 98 ಆಕ್ಟೇನ್ ಶಿಫಾರಸು. ನಾನು 100 ಆಕ್ಟೇನಿನದೇ ಹಾಕುವುದು. ಬೆಲೆ ಜಾಸ್ತಿ. ಬೆಂಗಳೂರಿನಲ್ಲಿ ಕೆಲವೇ ಬಂಕ್‌ಗಳಲ್ಲಿ ಸಿಗುತ್ತದೆ, ಫೋನ್ ಮಾಡಿಯೇ ಹೋಗುತ್ತೇನೆ. ಎಥೆನಾಲ್ ತೇವ ಎಳೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡುವವರಿಗೆ ಅಷ್ಟು ಚಿಂತೆ ಇಲ್ಲ. ತಿಂಗಳುಗಟ್ಟಲೆ ನಿಲ್ಲಿಸುವವರು ಇ20 ತುಂಬಿಸಿ ನಿಲ್ಲಿಸಬೇಡಿ.

ಗಾಳಿವೇಗ_ಹಾಸನ
ನಿಲ್ಲಿಸುವ ಮಾತು ಬಂದದ್ದಕ್ಕೆ: ಇಲಿ! ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಹತ್ತು ದಿನ ನಿಲ್ಲಿಸಿದ್ದೆ. ವೈರಿಂಗ್ ಕಡಿದು ಸ್ಟಾರ್ಟೇ ಆಗಲಿಲ್ಲ. 64,000 ಬಿಲ್.

ಕುಡ್ಲ_ದುಬೈ
ಊರಿನಲ್ಲಿ ಅಪ್ಪ ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿಡುತ್ತಿದ್ದರು. ಅಂಬಾಸಡರ್ ಕಾಲದ ಔಷಧಿ.

ಪಾನಾ_ಪೆಟ್ಟಿಗೆ
ಹೊಗೆಸೊಪ್ಪು ಕೆಲಸ ಮಾಡುತ್ತದೆ, ವಾಸನೆ ಇರುವವರೆಗೆ. ಹದಿನೈದು ದಿನಕ್ಕೊಮ್ಮೆ ಬದಲಿಸಿ. ಬಟ್ಟೆಯಲ್ಲಿ ಕಟ್ಟಿ, ಬಿಸಿ ಪೈಪಿನಿಂದ ದೂರ ಇಡಿ, ಫ್ಯಾನಿಗೆ ಸಿಗದ ಹಾಗೆ. ಅದಕ್ಕಿಂತ ಒಳ್ಳೇದು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸುವುದು. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಬೇಡಿ. ಆಯಿಲ್ ಬಿಸಿಯಾಗಲ್ಲ, ಒಳಗೆ ನೀರಿನಂಶ ಉಳಿಯುತ್ತದೆ. ಅದು ನಿಲ್ಲಿಸುವುದಕ್ಕಿಂತ ಕೆಟ್ಟದ್ದು.

ತುಂಗಾತೀರ
ಬಾಕ್ಸ್‌ಸ್ಟರ್ ಇರುವವರಿಗೆ ಒಂದು ಮಾತು ಸೇರಿಸುತ್ತೇನೆ. ಬಟ್ಟೆ ಛಾವಣಿಯ ಎರಡೂ ಪಕ್ಕ ನೀರು ಹರಿದುಹೋಗುವ ಸಣ್ಣ ತೂತುಗಳಿವೆ. ತೀರ್ಥಹಳ್ಳಿಯಲ್ಲಿ ಮರದ ಕೆಳಗೆ ಒಂದು ವಾರ ನಿಲ್ಲಿಸಿದ್ದೆ. ಎಲೆ ಕೊಳೆತು ತೂತು ಕಟ್ಟಿಕೊಂಡಿತು, ನೀರು ಒಳಗೆ ಬಂದು ಸೀಟಿನ ಕೆಳಗೆ ನಿಂತಿತು. ಎಲೆಕ್ಟ್ರಾನಿಕ್ ಪೆಟ್ಟಿಗೆ ಹೋಗದೆ ಉಳಿದದ್ದು ಪುಣ್ಯ. ಈಗ ಮಳೆಗಾಲದ ಮೊದಲು ಛಾವಣಿ ಅರ್ಧ ತೆರೆದು ನಾನೇ ತೆಗೆಯುತ್ತೇನೆ. ಅಡಿಕೆ ತೋಟದಲ್ಲಿ ಕಳೆ ಹೊಡೆಯುವ ಮಷೀನಿಗೆ ಹಾಕುವ ನೈಲಾನ್ ದಾರ ಇದೆಯಲ್ಲ, ಅದು ಸರಿಯಾಗಿ ಹೋಗುತ್ತದೆ. ಚುಚ್ಚುವುದಿಲ್ಲ, ಬಾಗುತ್ತದೆ. ತಂತಿ ಮಾತ್ರ ಹಾಕಬೇಡಿ, ಒಳಗಿನ ಪೈಪ್ ಕಿತ್ತುಹೋಗುತ್ತದೆ.

ಬಸವನಗುಡಿ_ಚಾಲಕ
ಹೈದರಾಬಾದಿನಿಂದ ಬರೆಯುತ್ತಿದ್ದೇನೆ. ನೋಡಿ ಬಂದೆ.

ಓನರ್ ಒಳ್ಳೆಯವರು, ವಯಸ್ಸಾದ ಡಾಕ್ಟರ್. ಎಂಜಿನ್ ತಣ್ಣಗಿತ್ತು, ಹೊಗೆ ಬರಲಿಲ್ಲ. ಬೆಲ್ಟ್ ಪೂರ್ತಿ ಎಳೆದೆ, ಕ್ಲೀನ್. ಕಾರ್ಪೆಟ್ ಎತ್ತಿ ಮೂಸಿದೆ, ಏನೂ ಇಲ್ಲ. ಮುಚ್ಚಳದ ಕೆಳಗೆ ಲೋಳೆ ಇಲ್ಲ. ಟೈರ್‌ನ ತಾರೀಕು 2316, ಅಂದರೆ 2016ರ 23ನೇ ವಾರ ಅಲ್ವಾ? ಹತ್ತು ವರ್ಷ ಹಳೆಯ ಟೈರ್. ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು. ಸರ್ವಿಸ್ ಪುಸ್ತಕದಲ್ಲಿ 2017ರಿಂದ 2021ರವರೆಗೆ ಒಂದೂ ಸೀಲ್ ಇಲ್ಲ. ಕೇಳಿದೆ. "ಹಿಂದಿನ ಓನರ್ ಬೇರೆ ದೇಶದಲ್ಲಿದ್ದರು, ಕಾರು ಗ್ಯಾರೇಜಿನಲ್ಲೇ ಇತ್ತು" ಅಂದರು. ಎಸಿ ತಂಪಾಗುತ್ತದೆ, ಆದರೆ ಟ್ರಾಫಿಕ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಸ್ವಲ್ಪ ಮೇಲೇರಿತು. ಓಡಲು ಶುರು ಮಾಡಿದ ಕೂಡಲೇ ಇಳಿಯಿತು.

ಫಿಲ್ಟರ್ ಬಿಚ್ಚಲು ಮೊದಲು ಬೇಡ ಅಂದರು. ಅವರೇ ನಂಬುವ ಮೆಕ್ಯಾನಿಕ್ ಹತ್ತಿರ ನನ್ನ ಖರ್ಚಿನಲ್ಲಿ ಅಂದ ಮೇಲೆ ಒಪ್ಪಿದರು. ಅಂಗಳದಲ್ಲಿ ಬಿಸಿಲಿಗೆ ಹಿಡಿದು ಒಂದೊಂದೇ ಮಡಿಕೆ ಬಿಡಿಸಿದೆ. ಕೈ ನಡುಗುತ್ತಿತ್ತು, ನಿಜವಾಗಿ. ಏನೂ ಮಿನುಗಲಿಲ್ಲ. ಬರೀ ಕಪ್ಪು.

ಪಾನಾ_ಪೆಟ್ಟಿಗೆ
ಎಂಜಿನ್ ಆರೋಗ್ಯವಾಗಿದೆ. ಟೈರ್ ಮೇಲೆ ಒಂದು ಕಿಲೋಮೀಟರ್ ಕೂಡ ವೇಗವಾಗಿ ಓಡಿಸಬೇಡಿ. ನಾಲ್ಕೂ ಬದಲಿಸಬೇಕು. ಪೋರ್ಷೆಗೆ ಅಂತ ಒಪ್ಪಿಗೆ ಪಡೆದ ಟೈರಿನ ಮೇಲೆ ಎನ್ ಅಕ್ಷರದ ಗುರುತು ಇರುತ್ತದೆ, ಅದನ್ನೇ ತನ್ನಿ. ಮುಳ್ಳು ಏರಿದ್ದು ರೇಡಿಯೇಟರ್ ಕಡೆಯದ್ದು. ಮುಂದಿನ ಬಂಪರ್ ಒಳಗೆ ಎರಡೂ ಮೂಲೆಯಲ್ಲಿ ಒಂದೊಂದು ರೇಡಿಯೇಟರ್ ಇದೆ, ಅದರ ಮುಂದೆ ಎಸಿ ಕಂಡೆನ್ಸರ್. ನಡುವೆ ಕಸ ಸೇರಿಕೊಳ್ಳುತ್ತದೆ. ಫ್ಯಾನೂ ನೋಡಬೇಕು. ಇಷ್ಟು ಕಡಿಮೆ ಓಡಿದ ಗಾಡಿಗೆ ಗೇರ್‌ಬಾಕ್ಸ್ ಆಯಿಲ್ ಕಿಲೋಮೀಟರ್ ಲೆಕ್ಕಕ್ಕಲ್ಲ, ವಯಸ್ಸಿನ ಲೆಕ್ಕಕ್ಕೆ ಬದಲಿಸಬೇಕು.

ಲೆಕ್ಕಾಚಾರಿ
ಟೈರ್ ಒಂದೂವರೆ ಲಕ್ಷ, ನವೀಕರಣ, ತೆರಿಗೆ, ಗೇರ್‌ಬಾಕ್ಸ್ ಆಯಿಲ್, ನಾಲ್ಕು ವರ್ಷದ ಬಾಕಿ ಸರ್ವಿಸ್. ಇಷ್ಟನ್ನೂ ಕಾಗದದ ಮೇಲೆ ಬರೆದು ಓನರ್ ಮುಂದಿಡಿ. ಚೌಕಾಸಿ ಮಾಡಬೇಡಿ, ಲೆಕ್ಕ ತೋರಿಸಿ. ಡಾಕ್ಟರ್ ಒಪ್ಪುತ್ತಾರೆ.

ಬಸವನಗುಡಿ_ಚಾಲಕ
31.5ಕ್ಕೆ ಒಪ್ಪಿದರು! ಲೆಕ್ಕಾಚಾರಿ ಸರ್, ನಿಮ್ಮ ಹಾಗೆಯೇ ಬರೆದು ತೋರಿಸಿದೆ. ಎನ್‌ಒಸಿ ಬಂದ ಮೇಲೆ ಬಾಕಿ ದುಡ್ಡು ಅಂತ ಬರೆಸಿಕೊಂಡೆ. ಕಾರು ಓಡಿಸಿಕೊಂಡು ಬರುವುದಿಲ್ಲ, ಟ್ರಕ್ಕಿನಲ್ಲಿ ತರಿಸುತ್ತೇನೆ.

ಲೆಕ್ಕಾಚಾರಿ
ಖುಷಿಯಾಯಿತು. ನಾನು ಈಗಲೂ ಕೊಳ್ಳುತ್ತಿರಲಿಲ್ಲ, ಆದರೆ ನೀವು ಸರಿಯಾಗಿ ಕೊಂಡಿದ್ದೀರಿ.

ಧಾರವಾಡ_ಫೇಡಾ
ಪೂಜಾ ಮಾಡ್ಸೋದು ಮರೀಬ್ಯಾಡ್ರಿ. ಆದ್ರ ಕುಂಕುಮ ಬಣ್ಣದ ಮ್ಯಾಲ ನೇರವಾಗಿ ಹಚ್ಚಬ್ಯಾಡ್ರಿ, ಕಲಿ ಉಳಿತೈತಿ. ನಮ್ಮ ಕಾಕಾನ ಗಾಡಿಗೆ ಇನ್ನೂ ಐತಿ. ನಂಬರ್ ಪ್ಲೇಟಿಗೆ ಹಚ್ಚಿದ್ರ ಸಾಕು.

ಗಾಳಿವೇಗ_ಹಾಸನ
ಹಂಪ್ ಬಗ್ಗೆ: ನೇರ ಹತ್ತಬೇಡಿ. ಜಾಗ ಇದ್ದರೆ ಓರೆಯಾಗಿ, ಒಂದೊಂದೇ ಚಕ್ರ ಹತ್ತುವ ಹಾಗೆ. ಹಿಂದಿನವರು ಹಾರ್ನ್ ಹೊಡೆಯಲಿ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 100ರ ಮಿತಿ, ಎಲ್ಲ ಕಡೆ ಕ್ಯಾಮೆರಾ ಇದೆ. ನಿಜವಾಗಿ ಓಡಿಸಬೇಕು ಅಂದರೆ ಕೊಯಮತ್ತೂರಿನ ಕರಿ ಟ್ರ್ಯಾಕ್ ಇದೆ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ ಇದೆ. ಹೆಲ್ಮೆಟ್ ಹಾಕಿಕೊಂಡು ಅಲ್ಲಿ ಓಡಿಸಿ, ರಸ್ತೆಯಲ್ಲಿ ಬೇಡ.

ಬಸವನಗುಡಿ_ಚಾಲಕ
ಕಾರು ಬಂತು. ಇವತ್ತು ಪಾನಾ_ಪೆಟ್ಟಿಗೆಯವರ ಶೆಡ್ಡಿಗೆ ಹೋಗಿದ್ದೆ, ಕೊನೆಗೂ ಮುಖ ನೋಡಿದೆ. ಮರದ ಹಲಗೆ ಇಟ್ಟು, ಅದರ ಮೇಲೆ ಹತ್ತಿಸಿ, ಆಮೇಲೆ ಜಾಕ್ ಕೊಟ್ಟರು. ಬಂಪರ್ ಬಿಚ್ಚಿದರು. ಬಲಗಡೆ ರೇಡಿಯೇಟರ್ ಮುಂದಿನಿಂದ ತೆಗೆದದ್ದು ಎರಡು ಹಿಡಿ ಒಣ ಎಲೆ, ಒಂದು ಚಿಪ್ಸ್ ಕವರ್, ಹಕ್ಕಿಯ ಪುಕ್ಕ, ತೆಲುಗಿನಲ್ಲಿ ಬರೆದ ಒಂದು ಬಸ್ ಟಿಕೆಟ್. ಬ್ರಷ್ ಹಾಕಿ ಉಜ್ಜಿ, ಮೆಲ್ಲಗೆ ಗಾಳಿ ಹೊಡೆದರು. ಆಮೇಲೆ ಲಾಲ್‌ಬಾಗ್ ರಸ್ತೆಯ ಸಂಜೆ ಆರೂವರೆಯ ಟ್ರಾಫಿಕ್‌ನಲ್ಲಿ ಇಪ್ಪತ್ತು ನಿಮಿಷ ನಿಂತೆವು. ಮುಳ್ಳು ಅಲ್ಲಾಡಲಿಲ್ಲ.

ಪಾನಾ_ಪೆಟ್ಟಿಗೆ
ಕಂಡೆನ್ಸರಿನ ಕೆಳತುದಿಯಲ್ಲಿ ತುಕ್ಕು ಶುರುವಾಗಿದೆ, ಎರಡು ವರ್ಷ ಬರಬಹುದು. ಬಂಪರ್ ಹಾಕುವಾಗ ಸಣ್ಣ ಜಾಲರಿ ಹಾಕಿಸೋಣ. ಸೋಮವಾರ ಗೇರ್‌ಬಾಕ್ಸ್ ಆಯಿಲ್. ಹನ್ನೊಂದರೊಳಗೆ ಬನ್ನಿ.

ತುಂಗಾತೀರ
ಅಭಿನಂದನೆ! ಅಲ್ಲಾ, ಇಷ್ಟೆಲ್ಲಾ ಬರೆದಿರಿ, ಬಣ್ಣ ಯಾವುದು ಅಂತ ಹೇಳಲೇ ಇಲ್ಲ.

ಬಸವನಗುಡಿ_ಚಾಲಕ
ಗಾಢ ನೀಲಿ ಮೇಡಂ. ನೆರಳಿನಲ್ಲಿ ಕಪ್ಪು ಅನ್ನಿಸುತ್ತದೆ, ಬಿಸಿಲಿಗೆ ಬಂದಾಗ ಮಾತ್ರ ನೀಲಿ ಕಾಣುವುದು. ಅಮ್ಮ ಬಾಗಿಲಲ್ಲಿ ನಿಂತು ನೋಡಿ "ನೇರಳೆ ಹಣ್ಣಿನ ಹಾಗಿದೆ" ಅಂದರು. ಭಾನುವಾರ ಬೆಳಿಗ್ಗೆ ಐದೂವರೆಗೆ ಕನಕಪುರ ರಸ್ತೆ ಕಡೆ ಹೊರಡುತ್ತಿದ್ದೇನೆ. ಅಮ್ಮ ಪಕ್ಕದ ಸೀಟಿನಲ್ಲಿ. ಬರುವವರಿದ್ದರೆ ಹೇಳಿ.

ತುಂಗಾತೀರ
ನಾನು ಬರುತ್ತೇನೆ. ಛಾವಣಿ ತೆರೆದುಕೊಂಡು.